ಹುರುಳಿ ಕಟ್ಟಿನ ಸಾರು ಉಂಡರೂ ಪ್ರೋಟೀನ್ ಕಮ್ಮಿಯಾಗುತ್ತಾ?

ಮಲ್ನಾಡ್‌ಮಗಳು:
ಅಮ್ಮನಿಗೆ 63 ವರ್ಷ, ತೂಕ 54 ಕೆ.ಜಿ. ತೀರ್ಥಹಳ್ಳಿ ಕಡೆಯವರು. ಈಚೆಗೆ ಮಣೆ ಮೇಲೆ ಕೂತರೆ ಏಳಲು ಗೋಡೆ ಹಿಡಿಯುತ್ತಾರೆ. ಡಾಕ್ಟರು ಊಟದಲ್ಲಿ ಪ್ರೋಟೀನ್ ಸಾಲದು ಅಂದರು. ಅಮ್ಮನಿಗೆ ಸಿಟ್ಟು ಬಂತು. "ವಾರಕ್ಕೆ ಮೂರು ದಿನ ಹುರುಳಿ ಕಟ್ಟಿನ ಸಾರು ಮಾಡ್ತೀನಿ, ಇನ್ನೇನು ಬೇಕಂತೆ?" ಮೊಟ್ಟೆ ಮುಟ್ಟುವುದಿಲ್ಲ. ನಾನು ತಂದ ಪ್ರೋಟೀನ್ ಪುಡಿ ಎರಡೇ ದಿನಕ್ಕೆ ಅಟ್ಟ ಸೇರಿತು. ಏನು ಮಾಡಲಿ?

ಒಗ್ಗರಣೆಡಬ್ಬಿ:
ಮೊದಲು ಒಂದು ಪ್ರಶ್ನೆ. ಕಟ್ಟು ಬಸಿದ ಮೇಲೆ ಕಾಳು ಎಲ್ಲಿ ಹೋಗುತ್ತದೆ?

ಮಲ್ನಾಡ್‌ಮಗಳು:
ಕೊಟ್ಟಿಗೆಗೆ. ನಮ್ಮ ಕೆಂಪಿಗೆ.

ಒಗ್ಗರಣೆಡಬ್ಬಿ:
ಅಲ್ಲೇ ಇರುವುದು ವಿಷಯ! ನಮ್ಮ ಮನೆಯಲ್ಲೂ ಇದೇ ಕಥೆ, ಅಪ್ಪನಿಗೆ ಅಡುಗೆ ಮಾಡಲು ಶುರು ಮಾಡಿದಾಗಲೇ ನನಗೆ ಗೊತ್ತಾಗಿದ್ದು. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಬೇಯಿಸಿದರೆ ಬಣ್ಣ, ರುಚಿ, ಘಮ ಎಲ್ಲ ಕಟ್ಟಿಗೆ ಇಳಿಯುತ್ತದೆ. ಪ್ರೋಟೀನ್ ಮಾತ್ರ ಬಹುಪಾಲು ಕಾಳಲ್ಲೇ ಕೂತಿರುತ್ತದೆ. ಗಟ್ಟಿಯೆಲ್ಲ ಕೆಂಪಿಗೆ, ತಿಳಿ ಅಮ್ಮನಿಗೆ.

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ ಪ್ರೋಟೀನ್ ಲೆಕ್ಕ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ. ಅಂದರೆ ಅಮ್ಮನಿಗೆ 45 ಗ್ರಾಂ. ರೊಟ್ಟಿ, ಅನ್ನ ಸೇರಿ ದಿನಕ್ಕೆ ಕಾಲು ಕೆ.ಜಿ. ಅಕ್ಕಿ ಅಂತಿಟ್ಟುಕೊಳ್ಳಿ, 20 ಗ್ರಾಂ ಬಂತು. ಕಾಫಿ, ಮಜ್ಜಿಗೆಯ ಹಾಲೆಲ್ಲ ಕೂಡಿದರೆ 8. ತರಕಾರಿ, ಕಾಯಿತುರಿ ಅಂತ 4–5. ಹನ್ನೆರಡು ಗ್ರಾಂ ಖೋತಾ ಆಯ್ತಲ್ವಾ? ಒಂದು ಹಿಡಿ, ಸುಮಾರು 50 ಗ್ರಾಂ ಹುರುಳಿಯನ್ನು ಕಾಳು ಸಮೇತ ತಿಂದರೆ ಹೆಚ್ಚುಕಮ್ಮಿ ಅಷ್ಟೂ ತುಂಬುತ್ತದೆ. ಹುರುಳಿ ದಿನಾ ಬೇಜಾರಾದರೆ ಹೆಸರುಕಾಳು, ಅಲಸಂದೆ, ಶೇಂಗಾ. ಪುಡಿ ಅಟ್ಟದಲ್ಲೇ ಇರಲಿ ಬಿಡಿ.

ಮುದ್ದೆಪ್ರಿಯ:
ಸುಮ್ನೆ ರಾಗಿಮುದ್ದೆ ಶುರು ಮಾಡಿಸಿ. ರಾಗಿಯಲ್ಲಿ ಬೇಕಾದಷ್ಟು ಪ್ರೋಟೀನ್ ಇದೆ.

ಒಗ್ಗರಣೆಡಬ್ಬಿ:
ಇಲ್ಲ ಸ್ವಾಮಿ. 100 ಗ್ರಾಂಗೆ 7 ಚಿಲ್ಲರೆ, ಅಕ್ಕಿಯಷ್ಟೇ. ರಾಗಿಯ ದೊಡ್ಡಸ್ತಿಕೆ ಸುಣ್ಣದಂಶದಲ್ಲಿ, ಕ್ಯಾಲ್ಸಿಯಂ 350 ಮಿಲಿಗ್ರಾಂ ಆಸುಪಾಸು. ಅಕ್ಕಿ, ರಾಗಿ ಎರಡರಲ್ಲೂ ಪ್ರೋಟೀನಿನ ಒಂದು ಮುಖ್ಯ ಭಾಗವಾದ ಲೈಸಿನ್ ಅನ್ನುವ ಅಂಶ ಕಮ್ಮಿ, ಕಾಳುಗಳಲ್ಲಿ ಅದು ಧಾರಾಳ. ಹಾಗಾಗಿ ಮುದ್ದೆ ಉಣ್ಣಲಿ, ಆದರೆ ಪಕ್ಕದಲ್ಲಿ ಕಾಳಿರಲಿ.

ನರ್ಸಕ್ಕ:
ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಬೇರೆ. ಒಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ಅಂಶ) ನೋಡಿಸಿ ಆಮೇಲೆ ಜಾಸ್ತಿ ಮಾಡಿ. ಇನ್ನೊಂದು, ಬರೀ ತಿಂದರೆ ಕಾಲಿಗೆ ಶಕ್ತಿ ಬರುವುದಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಲು ಹೇಳಿ, ದಿನಾ. ಪಕ್ಕದಲ್ಲಿ ಯಾರಾದರೂ ಇರಲಿ.

ಮಲ್ನಾಡ್‌ಮಗಳು:
ರಕ್ತ ಪರೀಕ್ಷೆ ಆಯಿತು, ಕಿಡ್ನಿ ಚೆನ್ನಾಗಿದೆ. ನಿನ್ನೆ ಅರ್ಧ ಕಾಳು ಉಳಿಸಿ ಕಾಯಿ, ಒಣಮೆಣಸು ಹಾಕಿ ಉಸಲಿ ಮಾಡಿದರಂತೆ. ಕೆಂಪಿ ಕಲಗಚ್ಚು ಮೂಸಿ ಮುಖ ತಿರುಗಿಸಿದಳಂತೆ. ಈಗ ಹಿಂಡಿ ಜಾಸ್ತಿ ಹಾಕಬೇಕು, ಆ ದುಡ್ಡು ನಾನೇ ಕಳಿಸಬೇಕಂತೆ.