ಭಾವ, ಎಸಿಗೆ ಅಡ್ವಾನ್ಸ್ ಕೊಡುವ ಮೊದಲು ತಾರಸಿಗೆ ಹತ್ತಿ ನೋಡಿ

ಹಾಂ ಭಾವ, ಸ್ವಲ್ಪ ಉದ್ದ ಆಗುತ್ತದೆ, ಊಟ ಆದ ಮೇಲೆ ನಿಧಾನಕ್ಕೆ ಕೇಳಿ. ಅತ್ತೆಗೂ ಕೇಳಿಸಿ. ನಿನ್ನೆ ನೀವು ಗ್ರೂಪಿಗೆ ಹಾಕಿದ್ದು ಓದಿದೆ. ಮಾವನಿಗೆ ಸೆಕೆಗೆ ನಿದ್ದೆ ಹತ್ತುವುದಿಲ್ಲ, ನಡುರಾತ್ರಿ ಎದ್ದು ಜಗಲಿಯಲ್ಲಿ ಕೂರುತ್ತಾರೆ. ಅಂಗಡಿಯವರು ಬಂದು ನೋಡಿ, ತಾರಸಿ ರೂಮಿಗೆ ಒಂದೂವರೆ ಟನ್ ಎಸಿ, ಹಳೆ ಹಂಚಿನ ಭಾಗಕ್ಕೆಲ್ಲ ಜಿಪ್ಸಮ್ ಸೀಲಿಂಗ್ ಅಂದಿದ್ದಾರೆ. ಅಡ್ವಾನ್ಸ್ ಕೊಡಲಾ ಅಂತ ಕೇಳಿದ್ದೀರಿ.

ಈಗ ಕೊಡಬೇಡಿ ಭಾವ. ಎಸಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಮಾವನ ವಯಸ್ಸಿಗೆ, ಬಿಪಿಗೆ, ಮುಂದೆ ಬೇಕಾಗಲೂಬಹುದು. ಆದರೆ ಮೊದಲ ದುಡ್ಡು ಮಾಡಿಗೆ, ಅಂದರೆ ಚಾವಣಿಗೆ, ಹೋಗಬೇಕು. ನಿಮ್ಮ ಮನೆಯ ಸೆಕೆ ಬರುವುದು ಮೇಲಿನಿಂದ. ಅದನ್ನು ಮೇಲೆಯೇ ನಿಲ್ಲಿಸದೆ ಒಳಗೆ ಮೆಷಿನ್ ಕೂರಿಸಿದರೆ ತಿಂಗಳು ತಿಂಗಳು ಕರೆಂಟ್ ಬಿಲ್ ಕಟ್ಟಿ ಬಿಸಿಲಿನ ಜೊತೆ ಜಗಳ ಆಡಿದ ಹಾಗೆ.

ಒಂದು ಲೆಕ್ಕ ಹೇಳುತ್ತೇನೆ. ನಮ್ಮ ಕಾಸರಗೋಡು ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಲ್ಲಿ. ವಿಷು ಕಳೆದು ಒಂದು ವಾರ ಹತ್ತು ದಿನಕ್ಕೆ, ಏಪ್ರಿಲ್ ಕೊನೆಯ ವಾರದಲ್ಲಿ, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಇರುತ್ತಾನೆ. ಆ ಹೊತ್ತಿಗೆ ಗೋಡೆಗೆ ಬಿಸಿಲು ಬೀಳುವುದೇ ಕಮ್ಮಿ, ಎಲ್ಲಾ ಬೀಳುವುದು ಮಾಡಿನ ಮೇಲೆ. ಮೋಡ ಇಲ್ಲದ ನಡುಮಧ್ಯಾಹ್ನ ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 1000 ವ್ಯಾಟ್. ಮಾವ ಮಲಗುವ ರೂಮು ಹನ್ನೆರಡಕ್ಕೆ ಹನ್ನೆರಡು ಅಡಿ ಅಲ್ವಾ? ಅಂದರೆ ಆ ಒಂದು ರೂಮಿನ ತಾರಸಿಯ ಮೇಲೆ 13 ಕಿಲೋವ್ಯಾಟ್ ಬಿಸಿಲು. ಒಂದು ಟನ್ ಎಸಿ ಹೊರಗೆ ಹಾಕಬಲ್ಲದ್ದು ಮೂರೂವರೆ ಕಿಲೋವ್ಯಾಟ್ ಶಾಖ. ಬಿಸಿಲೆಲ್ಲ ಒಳಗೆ ಇಳಿಯುವುದಿಲ್ಲ, ಅದು ಸರಿ. ಆದರೆ ಕಪ್ಪು ಪಾಚಿ ಕಟ್ಟಿದ ತಾರಸಿ ಅದರ ಬಹುಪಾಲನ್ನು ಹೀರಿ ಇಟ್ಟುಕೊಳ್ಳುತ್ತದೆ.

ಮತ್ತೆ ರಾತ್ರಿ ಯಾಕೆ ಸೆಕೆ ಅಂತ ಅತ್ತೆ ಕೇಳಿದ್ದರು. ಅಲ್ಲೇ ಇರುವುದು ವಿಷಯ. ನಾಲ್ಕೈದು ಇಂಚಿನ ಸ್ಲ್ಯಾಬ್ ಹಗಲೆಲ್ಲ ಕಾದು, ಆ ಶಾಖವನ್ನು ಗಂಟೆಗಟ್ಟಲೆ ತಡ ಮಾಡಿ ಒಳಗೆ ಬಿಡುತ್ತದೆ. ಉರಿ ಆರಿದ ಮೇಲೂ ಒಲೆಯ ಕಲ್ಲು ಬಿಸಿ ಇರುತ್ತದಲ್ಲ, ಹಾಗೆ. ಹಂಚಿನ ಮಾಡು ಹಾಗಲ್ಲ. ಮಧ್ಯಾಹ್ನ ಬೇಗ ಕಾಯುತ್ತದೆ, ಸೂರ್ಯ ಇಳಿದ ಕೂಡಲೇ ಬೇಗ ತಣಿಯುತ್ತದೆ. ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಒಂಬತ್ತಕ್ಕೆ ಸ್ಟೂಲ್ ಹತ್ತಿ, ಫ್ಯಾನ್ ಆಫ್ ಮಾಡಿ, ತಾರಸಿ ರೂಮಿನ ಸ್ಲ್ಯಾಬಿನ ಅಡಿಗೆ ಅಂಗೈ ಇಟ್ಟು ನೋಡಿ. ಆಮೇಲೆ ಹಳೆ ಚಾವಡಿಗೆ ಹೋಗಿ ಮುಚ್ಚಿಗೆಯ, ಅಂದರೆ ಹಂಚಿನ ಕೆಳಗಿನ ಮರದ ಸೀಲಿಂಗಿನ, ಹಲಗೆಗೆ ಕೈ ಇಡಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಈ ವಾರ ಮಾವನ ಹಾಸಿಗೆಯನ್ನು ಚಾವಡಿಗೆ ಹಾಕಿ ಭಾವ. ಕೆಲಸ ಮುಗಿಯುವ ತನಕ ಆದರೂ ಅವರು ಅಲ್ಲಿ ಮಲಗಲಿ.

ಈಗ ತಾರಸಿಯ ವಿಷಯ. ನೀವು ಕಳಿಸಿದ ಫೋಟೋದಲ್ಲಿ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡು ಸರಿಯಾಗಿ ಮಾವನ ರೂಮಿನ ಮೇಲೆಯೇ ಇದೆ. ಬಿಸಿಲು ಒಳಗೆ ಬರುತ್ತದೆ, ಬಿಸಿ ಗಾಳಿ ಹೊರಗೆ ಹೋಗುವುದಿಲ್ಲ, ಅಡಿಕೆ ಒಣಗುವುದೇ ಹಾಗೆ. ಅದರ ಕೆಳಗಿನ ಸ್ಲ್ಯಾಬ್ ಕೂಡ ಅಡಿಕೆಯ ಹಾಗೆಯೇ ಕಾಯುತ್ತದೆ. ಚಾಲಿ (ಒಣ ಅಡಿಕೆ) ಮಾಡುವುದು ಬಿಡಿ ಅಂತ ಹೇಳುತ್ತಿಲ್ಲ. ಗೂಡನ್ನು ಅಂಗಳಕ್ಕೋ, ಕೊಟ್ಟಿಗೆಯ ಮೇಲಿನ ತಾರಸಿಗೋ ಬದಲಾಯಿಸಿ. ಜನ ಮಲಗುವ ರೂಮಿನ ಮೇಲೆ ಬೇಡ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಈಗ ಎಷ್ಟೋ ಮನೆಗಳಲ್ಲಿ ಇದೇ ಆಗಿದೆ. ಮೇಲೆ ಗೂಡು, ಕೆಳಗೆ ಹೊಸ ಎಸಿ. ನನಗೆ ನೋಡುವಾಗ ನಿಜವಾಗಿ ಬೇಸರ ಆಗುತ್ತದೆ.

ಗೂಡು ತೆಗೆದ ಮೇಲೆ ಮಾಡಬೇಕಾದ್ದು ತಾರಸಿಗೆ ಬಿಳಿ ಬಳಿಸುವುದು. ಅದಕ್ಕಿಂತ ಅಗ್ಗದ ಕೆಲಸ ಇನ್ನೊಂದಿಲ್ಲ. ಹಳೆ ಕಾಂಕ್ರೀಟು ಬಿಸಿಲಿನ ಕಾಲು ಭಾಗದಷ್ಟು ಮಾತ್ರ ವಾಪಸ್ ಕಳಿಸುತ್ತದೆ, ಪಾಚಿ ಕಟ್ಟಿದ್ದರೆ ಅಷ್ಟೂ ಇಲ್ಲ. ಒಳ್ಳೆ ಕೂಲ್ ರೂಫ್ ಪೇಂಟ್ ಹೊಸದರಲ್ಲಿ ಮುಕ್ಕಾಲು ಭಾಗ ವಾಪಸ್ ಕಳಿಸುತ್ತದೆ. ತೆಲಂಗಾಣದಲ್ಲಿ 2023ರಲ್ಲಿ ಇದಕ್ಕೆಂದೇ ಸರ್ಕಾರ ಒಂದು ಕೂಲ್ ರೂಫ್ ನೀತಿ ತಂದಿದೆ. ಅಲ್ಲಿಯದು ಒಣ ಬಿಸಿಲು, ನಮ್ಮಲ್ಲಿ ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಲ್ಲಿ ಬಿಳಿ ಬಿಳಿಯಾಗಿ ಉಳಿಯಬೇಕಾದರೆ ಕೆಲಸ ಸರಿ ಆಗಬೇಕು. ಮೊದಲು ಪಾಚಿ ಪೂರ್ತಿ ಉಜ್ಜಿ ತೆಗೆಸಿ, ಪ್ರೆಷರ್ ವಾಷರ್ ಬಾಡಿಗೆಗೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಬಿರುಕುಗಳನ್ನು ತುಂಬಿಸಿ. ಪೂರ್ತಿ ಒಣಗಲಿ. ಆಮೇಲೆ ಪ್ರೈಮರ್, ಅದರ ಮೇಲೆ ಎರಡು ಕೋಟ್. ಬರೀ ಸುಣ್ಣ ಬಳಿದರೂ ಈ ಬೇಸಗೆಗೆ ಲಾಭ ಇದೆ, ಆದರೆ ಅದು ಒಂದು ಮಳೆಗಾಲ ತಡೆಯುವುದಿಲ್ಲ, ಪ್ರತಿ ವರ್ಷ ಬಳಿಯಬೇಕು. ಈಗಿನ್ನೂ ಒಣ ದಿನಗಳಿವೆ. ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಶುರುವಾದರೆ ಪೇಂಟ್ ಹಿಡಿಯುವುದಿಲ್ಲ.

ಸ್ವಲ್ಪ ಜಾಸ್ತಿ ಖರ್ಚು ಮಾಡಬಹುದು ಅಂತಿದ್ದರೆ ತಾರಸಿಯ ಮೇಲೆ ಶೀಟಿನ ಮಾಡು. ನಮ್ಮ ಕಡೆ ಎಲ್ಲರೂ ಸೋರುವುದಕ್ಕೆ ಅಂತ ಹಾಕಿಸುತ್ತಾರೆ, ಆದರೆ ಸೆಕೆಗೂ ಇದು ದೊಡ್ಡ ಔಷಧಿ. ಸ್ಲ್ಯಾಬಿಗೆ ಬಿಸಿಲೇ ಬೀಳುವುದಿಲ್ಲವಲ್ಲ. ಎರಡು ವಿಷಯ ಮಾತ್ರ ಬಿಡಬಾರದು. ಶೀಟಿನ ಮೇಲ್ಭಾಗ ಬಿಳಿ ಅಥವಾ ತಿಳಿ ಬಣ್ಣದ್ದು ಇರಲಿ. ಕಡು ಕೆಂಪು, ಕಡು ನೀಲಿ ಚಂದ ಕಾಣುತ್ತದೆ, ಆದರೆ ಕಾಯುತ್ತದೆ. ಮತ್ತೆ ನಾಲ್ಕೂ ಬದಿ ತೆರೆದಿರಲಿ. ಹಾಕಿಸಿದ ಮೇಲೆ ಬಟ್ಟೆ ಒಣಗಿಸಲು, ಸಾಮಾನು ಇಡಲು ಅಂತ ಬದಿಗೂ ಶೀಟ್ ಹೊಡೆಸಿ ಮುಚ್ಚುತ್ತಾರೆ. ಮುಚ್ಚಿದರೆ ಒಳಗಿನ ಬಿಸಿ ಗಾಳಿ ಅಲ್ಲೇ ನಿಂತು ಸ್ಲ್ಯಾಬನ್ನೂ ಕಾಯಿಸುತ್ತದೆ.

ಗಲ್ಫಿನಲ್ಲಿರುವ ತಮ್ಮ ಹೇಳಿದನಲ್ಲ, ಅಲ್ಲೆಲ್ಲ ಮಾಡಿಗೆ ಇನ್ಸುಲೇಷನ್, ಅಂದರೆ ಶಾಖ ತಡೆಯುವ ಪದರ, ಹಾಸುತ್ತಾರೆ ಅಂತ. ಸರಿ, ಆ ಸಾಮಾನು ಇಲ್ಲಿಯೂ ಸಿಗುತ್ತದೆ. ಎಕ್ಸ್‌ಪಿಎಸ್ ಅಂತ ಗಟ್ಟಿ ಫೋಮಿನ ಹಲಗೆ ಬರುತ್ತದೆ. ಅದು ಒಂದು ಇಂಚು ತಡೆಯುವ ಶಾಖವನ್ನು ತಡೆಯಬೇಕಾದರೆ ಕಾಂಕ್ರೀಟ್ ನಾಲ್ಕು ಅಡಿ ದಪ್ಪ ಬೇಕು. ಅಷ್ಟು ವ್ಯತ್ಯಾಸ. ಆದರೆ ಅದನ್ನು ಸ್ಲ್ಯಾಬಿನ ಮೇಲೆ ಹಾಕಬೇಕು. ವಾಟರ್‌ಪ್ರೂಫಿಂಗ್, ಅದರ ಮೇಲೆ ಈ ಹಲಗೆ, ಮೇಲೆ ತೆಳು ಕಾಂಕ್ರೀಟು, ಬಿಳಿ ಟೈಲ್ಸ್. ಹೀಗೆ ಮಾಡಿದರೆ ಸ್ಲ್ಯಾಬ್ ನೆರಳಲ್ಲಿ ಇರುತ್ತದೆ, ಹಿಗ್ಗಿ ಕುಗ್ಗಿ ಬಿರುಕು ಬಿಡುವುದೂ ಕಮ್ಮಿ. ಕೆಲವರು ಸುಲಭ ಅಂತ ಒಳಗಿನಿಂದ, ಸ್ಲ್ಯಾಬಿನ ಅಡಿಗೆ ಥರ್ಮಾಕೋಲ್ ಅಂಟಿಸುತ್ತಾರೆ. ರೂಮಿಗೆ ಸ್ವಲ್ಪ ಲಾಭ ಆಗುತ್ತದೆ, ಆದರೆ ಸ್ಲ್ಯಾಬ್ ಮೊದಲಿನ ಹಾಗೇ ಬೇಯುತ್ತದೆ, ಮಳೆಗಾಲದಲ್ಲಿ ಎಲ್ಲಿ ಸೋರುತ್ತಿದೆ ಅಂತ ಕಾಣುವುದೇ ಇಲ್ಲ. ಮೇಲಾಗಿ ಥರ್ಮಾಕೋಲಿಗೆ ಬೆಂಕಿ ಬೇಗ ಹಿಡಿಯುತ್ತದೆ, ಫ್ಯಾನಿನ ವಯರಿನ ಪಕ್ಕ ಅದು ಬೇಡವೇ ಬೇಡ. ನಿಮ್ಮ ಸ್ಲ್ಯಾಬ್ ಹಾಕಿ ಮೂವತ್ತು ವರ್ಷ ಆಗಿರಬೇಕು. ಅಡಿಯಲ್ಲಿ ಸಿಮೆಂಟು ಉದುರಿ ಕಂಬಿ ಕಾಣುತ್ತಿದ್ದರೆ ಮೇಲೆ ಭಾರ ಹಾಕುವ ಮಾತೇ ಎತ್ತಬೇಡಿ. ಮೊದಲು ಅದರ ರಿಪೇರಿ. ನನ್ನನ್ನು ಕೇಳಿದರೆ ನಿಮ್ಮ ಮನೆಗೆ ಬಿಳಿ ಪೇಂಟ್, ಇಲ್ಲವೇ ಶೀಟು. ಅಷ್ಟು ಸಾಕು.

ಹಂಚಿನ ಭಾಗಕ್ಕೆ ಬರುತ್ತೇನೆ. ಚಾವಡಿಯ ಮುಚ್ಚಿಗೆಯನ್ನು ಯಾರು ಹೇಳಿದರೂ ಕೀಳಿಸಬೇಡಿ ಭಾವ. ಹಂಚು, ಅದರ ಕೆಳಗೆ ಅಟ್ಟದ ಗಾಳಿ, ಆಮೇಲೆ ಮಣ್ಣು ಹಾಸಿದ ಹಲಗೆ. ಹೊಸ ಪುಸ್ತಕದಲ್ಲಿ ಹೇಳುವ ಇನ್ಸುಲೇಷನ್ ಇದೇ, ಅಜ್ಜ ಕಟ್ಟಿಸಿ ಇಟ್ಟಿದ್ದಾರೆ. ಅದನ್ನು ಒಡೆದು ಅರ್ಧ ಇಂಚಿನ ಜಿಪ್ಸಮ್ ಹಾಕಿಸಿದರೆ ದುಡ್ಡೂ ಹೋಯಿತು, ತಂಪೂ ಹೋಯಿತು. ನಮ್ಮ ಮಳೆಗಾಲದ ತೇವಕ್ಕೆ, ಹಂಚಿನಿಂದ ಒಂದೆರಡು ಹನಿ ಬಿದ್ದರೆ, ಜಿಪ್ಸಮ್ ಕಲೆ ಬಿದ್ದು ಜೋತು ಬೀಳುತ್ತದೆ.

ಮುಚ್ಚಿಗೆ ಇಲ್ಲದ ಅಡುಗೆ ಕೋಣೆ ಮತ್ತೆ ಹಿಂದಿನ ರೂಮಿಗೆ ಏನಾದರೂ ಮಾಡಬೇಕು, ಅದು ಸರಿ. ಅಲ್ಲಿ ಹಂಚು ಬಿಸಿಯಾಗಿ ಆ ಬಿಸಿ ನೇರ ತಲೆಯ ಮೇಲೆ ಬೀಳುತ್ತದೆ. ಬಿಸಿ ಗಾಳಿ ಮೇಲೇ ನಿಲ್ಲುತ್ತದೆ, ಕೆಳಗೆ ಬರುವುದು ಹೆಚ್ಚಾಗಿ ಹಂಚಿನ ಝಳ. ಝಳ ತಡೆಯಲು ಅಲ್ಯೂಮಿನಿಯಂ ಹಾಳೆ ಬಹಳ ಒಳ್ಳೆಯದು. ಬಬಲ್ ಇರುವ ಫಾಯಿಲ್ ರೋಲ್ ಸಿಗುತ್ತದೆ. ಹಾಕುವ ಕ್ರಮ ಮುಖ್ಯ. ಹಂಚಿಗೆ ತಾಗಿಸಿ ಅಂಟಿಸಿದರೆ ಪ್ರಯೋಜನ ಇಲ್ಲ, ನಡುವೆ ಕಮ್ಮಿ ಅಂದರೂ ಒಂದು ಇಂಚು ಗಾಳಿ ಬೇಕು. ಪಕ್ಕಾಸಿನ (ಮಾಡು ಹೊರುವ ಓರೆ ಮರದ) ಅಡಿಗೆ ಎಳೆದು ಕಟ್ಟಿಸಿದರೆ ಆ ಜಾಗ ತಾನಾಗಿಯೇ ಸಿಗುತ್ತದೆ. ಒಂದೇ ಬದಿ ಹೊಳೆಯುವ ಹಾಳೆಯಾದರೆ ಹೊಳೆಯುವ ಬದಿ ಕೆಳಗೆ ಇರಲಿ. ಮೇಲೆ ಇಟ್ಟರೆ ಧೂಳು ಕೂತು ಎರಡು ವರ್ಷದಲ್ಲಿ ಮಂಕಾಗುತ್ತದೆ. ಸೂರಿನ ಹತ್ತಿರ ಮತ್ತೆ ತುದಿಯ ಮೂಲೆ ಹಂಚಿನ ಹತ್ತಿರ ಒಂದೊಂದು ಗೇಣು ಬಿಟ್ಟು ನಿಲ್ಲಿಸಿ, ಬಿಸಿ ಗಾಳಿ ಹೋಗಲಿ. ಒಲೆಯ ಮೇಲ್ಭಾಗಕ್ಕೆ ಮಾತ್ರ ಇದು ಬೇಡ. ಅಲ್ಲಿ ಹೊಗೆ, ಎಣ್ಣೆ ಜಿಡ್ಡು, ಬೆಂಕಿ. ಅಲ್ಲಿಗೆ ಸೀಲಿಂಗ್ ಹಂಚು ಹಾಕಿಸಿ. ಮೇಲೊಂದು ಹಂಚು, ಕೆಳಗೊಂದು ಹಂಚು, ನಡುವೆ ಗಾಳಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಂದಿನಿಂದ ಈ ಕರಾವಳಿಯ ಮಳೆ, ಬಿಸಿಲು ಎರಡನ್ನೂ ಹಂಚು ತಡೆದುಕೊಂಡು ಬಂದಿದೆ.

ಯಾವುದಕ್ಕೂ ಮೊದಲು ಆಚಾರಿಯನ್ನು ಕರೆದು ಪಕ್ಕಾಸು, ರೀಪು (ಹಂಚು ಕೂರುವ ಮರದ ಪಟ್ಟಿ) ನೋಡಿಸಿ. ಗೆದ್ದಲು ಹಿಡಿದ ಮೋಪಿನ ಅಡಿಗೆ ಹಾಳೆ ಕಟ್ಟಿ ಮುಚ್ಚಿದರೆ ಮತ್ತೆ ಅದು ಕಾಣುವುದೇ ಇಲ್ಲ. ಒಡೆದ ಹಂಚು ಬದಲಾಯಿಸಿ. ಹಿಂದಿನ ರೂಮಿನಲ್ಲಿ ಗಾಜಿನ ಹಂಚು ನಾಲ್ಕೋ ಐದೋ ಇವೆ ಅಲ್ವಾ? ಒಂದು ಇಟ್ಟುಕೊಳ್ಳಿ, ಬೆಳಕಿಗೆ ಅಷ್ಟು ಸಾಕು. ಉಳಿದದ್ದರಿಂದ ನೇರ ಬಿಸಿಲೇ ಒಳಗೆ ಬರುತ್ತದೆ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಹಾಕಿಸಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಒಣಗಿದ್ದರೆ ಒಳ್ಳೆಯ ಸಾಮಾನು. ಒದ್ದೆಯಾದರೆ ಪ್ರಯೋಜನ ಇಲ್ಲ, ಹಂಚಿನ ಮಾಡಿನಡಿ ಒದ್ದೆಯಾಗದೆ ಉಳಿಯುವುದೂ ಇಲ್ಲ. ಇಲಿಗಳೂ ಗೂಡು ಮಾಡುತ್ತವೆ.

ಬಚ್ಚಲಿನ ಮೇಲೆ ಹಳೆ ಆಸ್‌ಬೆಸ್ಟಸ್ ಶೀಟ್ ಇದೆ. ಅದನ್ನು ಕೊರೆಯಬೇಡಿ, ಕತ್ತರಿಸಬೇಡಿ, ತಂತಿ ಬ್ರಷ್ ಹಾಕಿ ಉಜ್ಜಿಸಲೂ ಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹನಿಸಿ ಮೆತ್ತಗೆ ತೊಳೆದು, ಮೇಲಿನಿಂದ ಬಿಳಿ ಪೇಂಟ್ ಹೊಡೆಸಿದರೆ ಆಯಿತು. ಅದರ ಮೇಲೆ ಕಾಲಿಡಲು ಯಾರನ್ನೂ ಬಿಡಬೇಡಿ, ಮುರಿದು ಬೀಳುತ್ತಾರೆ.

ಗೋಡೆಗೆ ಏನೂ ಮಾಡುವ ಅಗತ್ಯ ಇಲ್ಲ, ಕೆಂಪುಕಲ್ಲಿನ ದಪ್ಪ ಗೋಡೆ, ಮೇಲೆ ಉದ್ದದ ಸೂರು. ಪಡುವಣದ ಗೋಡೆ ಒಂದೇ ಸಂಜೆ ಬಿಸಿಲಿಗೆ ಕಾಯುವುದು. ಅತ್ತೆಯ ಬಸಳೆ ಚಪ್ಪರವನ್ನು ಈ ಸಲ ಆ ಬದಿಗೆ ಹಾಕಿಸಿ. ಕಿಟಕಿಯ ಮೇಲಿನ ವೆಂಟಿಲೇಟರಿಗೆ ಸೊಳ್ಳೆ ಬರುತ್ತದೆ ಅಂತ ಪ್ಲೈವುಡ್ ಹೊಡೆಸಿದ್ದೀರಿ. ಅದನ್ನು ತೆಗೆದು ಬಲೆ ಹಾಕಿಸಿ. ಹಗಲು ಹನ್ನೊಂದರಿಂದ ಸಂಜೆ ಐದರ ತನಕ ಬಿಸಿಲು ಬೀಳುವ ಬದಿಯ ಕಿಟಕಿ ಮುಚ್ಚಿ, ರಾತ್ರಿ ಎಲ್ಲಾ ತೆರೆಯಿರಿ. ನಮ್ಮಲ್ಲಿ ಸೆಕೆ ಅಂದರೆ ಅರ್ಧ ಬೆವರು. ಗಾಳಿ ಆಡಿದರೆ ಮಾತ್ರ ಬೆವರು ಆರುತ್ತದೆ. ಫ್ಯಾನ್ ಹಳತಾದರೆ ಕಮ್ಮಿ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ತನ್ನಿ. ಹಳೆಯದು 75 ವ್ಯಾಟ್ ತಿಂದರೆ ಇದು 30ರ ಆಸುಪಾಸು. ಇಡೀ ರಾತ್ರಿ ತಿರುಗುವ ಫ್ಯಾನಿಗೆ ಅದು ಸಣ್ಣ ಉಳಿತಾಯ ಅಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಎಸಿ ಬೇಕು ಅನಿಸಿದರೆ ಹಾಕಿಸಿ. ಮಾಡು ತಂಪಾದ ಮೇಲೆ ಒಂದೂವರೆ ಟನ್ ಬೇಕಾಗುವುದಿಲ್ಲ, ಆ ರೂಮಿಗೆ ಒಂದು ಟನ್ ಧಾರಾಳ. ಎಸಿ ಹಾಕುವ ರೂಮಿನ ವೆಂಟಿಲೇಟರಿಗೆ ಮುಚ್ಚುವ ಬಾಗಿಲು ಇರಲಿ, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ. 26ರಲ್ಲಿ ಇಟ್ಟು ಜೊತೆಗೆ ಫ್ಯಾನ್ ಹಾಕಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6 ಕರೆಂಟ್ ಉಳಿಯುತ್ತದೆ ಅಂತ ಎಸಿಗಳಿಗೆ ಸ್ಟಾರ್ ಕೊಡುವ ಬಿಇಇಯವರೇ ಹೇಳುತ್ತಾರೆ. ಮತ್ತೆ ಕೆಎಸ್‌ಇಬಿಯ, ಅಂದರೆ ಕೇರಳ ವಿದ್ಯುತ್ ಮಂಡಳಿಯ, ಬಿಲ್ ನೆನಪಿರಲಿ. ಎರಡು ತಿಂಗಳಿಗೆ 500 ಯೂನಿಟ್ ಒಳಗೆ ಇದ್ದರೆ ಮೆಟ್ಟಿಲು ಮೆಟ್ಟಿಲಾಗಿ ದರ, ಮೊದಲಿನ ಯೂನಿಟ್‌ಗಳಿಗೆ ಕಮ್ಮಿ. 500 ದಾಟಿದರೆ ಮೊದಲ ಯೂನಿಟ್‌ನಿಂದಲೇ ಎಲ್ಲದಕ್ಕೂ ಮೇಲಿನ ದರ. ನಿಮ್ಮದು ಪಂಪ್, ಫ್ರಿಜ್ ಎಲ್ಲಾ ಸೇರಿ ಈಗಲೇ ಹತ್ತಿರ ಇರಬೇಕು. ಬಿಸಿ ಮಾಡಿನ ಅಡಿಯಲ್ಲಿ ಎಸಿ ಓಡಿಸಿದರೆ ಆ ಗೆರೆ ದಾಟುವುದು ಖಂಡಿತ.

ಹಾಂ, ಇನ್ನೊಂದು. ಸ್ಲ್ಯಾಬಿನ ಅಡಿಯ ಫೋಟೋ, ಮೂಲೆಗಳದ್ದು, ಹಗಲು ಬೆಳಕಲ್ಲಿ ತೆಗೆದು ನನಗೆ ಕಳಿಸಿ. ಹಳೆ ಕರೆಂಟ್ ಬಿಲ್ ಒಂದೆರಡು ಇದ್ದರೆ ಅದನ್ನೂ. ಕುಂಬಳೆ ಕಡೆಯ ಒಬ್ಬ ಮೇಸ್ತ್ರಿ ತಾರಸಿ ಕೆಲಸ ಚೆನ್ನಾಗಿ ಮಾಡುತ್ತಾರೆ, ವಿಷುವಿಗೆ ಮೊದಲು ಬಿಡುವು ಇದೆಯಾ ಅಂತ ನಾನು ಕೇಳಿ ಇಡುತ್ತೇನೆ. ಗೂಡು ಬಿಚ್ಚುವುದಕ್ಕೆ ಅವರಿಗೆ ಕಾಯಬೇಡಿ, ನಾಳೆಯೇ ಬಿಚ್ಚಿಸಿ.