'ನಾರ್ಮಲಿ ಕ್ಲೋಸ್ಡ್' ವಾಲ್ವಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ಭಾವ ಹೋಂಸ್ಟೇ ಹಿತ್ತಿಲಲ್ಲಿ ಬಯಲು ಶವರ್ ಮಾಡಿಸುತ್ತಿದ್ದಾರೆ. ಗುಂಡಿ ಒತ್ತಿದರೆ ನೀರು ಬರಬೇಕು, ಸ್ವಲ್ಪ ಹೊತ್ತಿಗೆ ತಾನೇ ನಿಲ್ಲಬೇಕು. ಎಂಥ ಸೊಲೆನಾಯ್ಡ್ ವಾಲ್ವ್ (ತಂತಿ ಸುತ್ತಿದ ಕಾಯಿಲ್‌ಗೆ ಕರೆಂಟ್ ಕೊಟ್ಟು ನೀರು ಬಿಡುವ, ನಿಲ್ಲಿಸುವ ವಾಲ್ವ್) ತರಬೇಕೆಂದು ಕೆಲಸದವರಿಗೆ ಕನ್ನಡದಲ್ಲಿ ಬರೆದುಕೊಡುವುದು ನನ್ನ ಪಾಲಿಗೆ ಬಂದಿದೆ.

ತೊಡಕಿರುವುದು 'ನಾರ್ಮಲಿ ಕ್ಲೋಸ್ಡ್' ಎಂಬಲ್ಲಿ. 'ಸಾಮಾನ್ಯವಾಗಿ ಮುಚ್ಚಿರುವ' ಎಂದರೆ ಹೆಚ್ಚು ಹೊತ್ತು ಮುಚ್ಚಿರುತ್ತದೆ ಎಂದಷ್ಟೇ ಆಯಿತು. ಅಸಲು ಅರ್ಥ, ಕಾಯಿಲ್‌ಗೆ ಕರೆಂಟ್ ಇಲ್ಲದಾಗ ಮುಚ್ಚಿರುವುದು. ಆಷಾಢದ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದರೂ ಟ್ಯಾಂಕ್ ಖಾಲಿಯಾಗಬಾರದಲ್ಲ, ಅದಕ್ಕೇ ಇದು ಬೇಕು. ಸಾಲದ್ದಕ್ಕೆ, ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಮೇಲೆ 'ಎನ್‌ಸಿ', ಅಂದರೆ ನಾರ್ಮಲಿ ಕ್ಲೋಸ್ಡ್, ಎಂದಿದ್ದರೆ ಎಲೆಕ್ಟ್ರಿಷಿಯನ್‌ಗೆ ಅದು ಕರೆಂಟ್ ಹರಿಯುವ ದಾರಿ. ವಾಲ್ವ್ ಮೇಲೆ ಅದೇ 'ಎನ್‌ಸಿ' ಎಂದಿದ್ದರೆ ಪ್ಲಂಬರ್‌ಗೆ ನೀರು ನಿಂತ ದಾರಿ. ನಮ್ಮ 'ತೆಗೆ'ಯೂ ಕಡಿಮೆಯದಲ್ಲ. ಬಾಗಿಲು ತೆಗೆದರೆ ದಾರಿಯಾಗುತ್ತದೆ, ಕರೆಂಟ್ ತೆಗೆದರೆ ಕತ್ತಲಾಗುತ್ತದೆ. 'ಕರೆಂಟ್ ತೆಗೆದಾಗ ವಾಲ್ವ್ ತೆಗೆದಿರಬಾರದು' ಎಂದು ಬರೆದರೆ ಓದುವವರ ಗತಿ?

ಸದ್ಯಕ್ಕೆ 'ಕರೆಂಟಿಲ್ಲದಾಗ ಮುಚ್ಚಿರುವ ವಾಲ್ವ್' ಎಂದು ಇಟ್ಟುಕೊಂಡಿದ್ದೇನೆ. ಉದ್ದವಾಯಿತು, ಆದರೆ ತಪ್ಪು ದಾರಿ ಹಿಡಿಸುವುದಿಲ್ಲ. 'ಕವಾಟ' ಹೃದಯದ ಪಾಠಕ್ಕೆ ಸರಿ, ಹಾರ್ಡ್‌ವೇರ್ ಅಂಗಡಿಯಲ್ಲಿ ನಡೆಯದು. 'ತೂಬು' ಕೆರೆಯದು, ಅರ್ಧ ಇಂಚಿನ ಪೈಪಿಗೆ ಅಷ್ಟು ದೊಡ್ಡ ಮಾತು ಬೇಡ.

ಇನ್ನೊಂದು ಜೋಡಿ, 'ಪೈಲಟ್ ಆಪರೇಟೆಡ್' ಮತ್ತು 'ಡೈರೆಕ್ಟ್ ಆಕ್ಟಿಂಗ್'. ಮೊದಲನೆಯದರಲ್ಲಿ ಕಾಯಿಲ್ ಒಂದು ಸಣ್ಣ ತೂತನ್ನಷ್ಟೇ ಬಿಡಿಸುತ್ತದೆ, ಒಳಗಿನ ರಬ್ಬರ್ ಪೊರೆಯನ್ನು ಎತ್ತುವುದು ನೀರಿನದೇ ಒತ್ತಡ. ಭಾವನ ಟ್ಯಾಂಕ್ ಶವರಿಗಿಂತ ಮೂರು ಮೀಟರ್ ಮೇಲಿದೆ, ಅಂದರೆ ಸುಮಾರು 0.3 ಬಾರ್ ಒತ್ತಡ. ಅಷ್ಟಕ್ಕೆ ಇಂಥ ಹಲವು ವಾಲ್ವುಗಳು ಪೂರ್ತಿ ತೆರೆಯುವುದಿಲ್ಲ. ಎರಡನೆಯದರಲ್ಲಿ ಕಾಯಿಲ್ಲೇ ನೇರವಾಗಿ ಎತ್ತುತ್ತದೆ. 'ಪೈಲಟ್' ಎಂದರೆ ನಮ್ಮವರಿಗೆ ವಿಮಾನವೇ ಕಣ್ಣಮುಂದೆ ಬರುವುದು, ಹಾಗಾಗಿ 'ಒತ್ತಡ ಬೇಕಾದ', 'ಒತ್ತಡ ಬೇಡದ' ಎನ್ನಬಹುದೇ? ಮೋಟಾರಿನ ಬಾಲ್ ವಾಲ್ವ್ ಬೇಡವೆಂದಾಯಿತು: ಕರೆಂಟ್ ಹೋದರೆ ಸಾದಾ ಬಗೆಯದು ಇದ್ದಲ್ಲೇ ನಿಲ್ಲುತ್ತದೆ. ಒದ್ದೆ ಜಾಗ, ಆದ್ದರಿಂದ ಕಾಯಿಲ್ 12 ಅಥವಾ 24 ವೋಲ್ಟ್ ಡಿಸಿಯದು.

ತೋಟಕ್ಕೆ ಡ್ರಿಪ್ ಆಟೊಮೇಷನ್ ಕೂರಿಸುವವರೂ ಇಂಥವೇ ವಾಲ್ವ್ ಬಳಸುತ್ತಾರೆ. ಸಾಗರ, ಹೊಸನಗರ, ಕೊಪ್ಪದ ಕಡೆಯವರು ಯಾರಾದರೂ ಇದ್ದರೆ, ನಿಮ್ಮಲ್ಲಿ ಆ ಮೆಕ್ಯಾನಿಕ್‌ಗಳು ತಮ್ಮತಮ್ಮಲ್ಲಿ ಇವಕ್ಕೆ ಏನನ್ನುತ್ತಾರೆ?