ಸಹಾಯ ಬೇಕು: ಬೈಕ್ ತಿರುವಿನ ನಡುವೆ ಭಾರ ಯಾವ ಫುಟ್‌ಪೆಗ್ (ಪಾದ ಇಡುವ ಕಡ್ಡಿ) ಮೇಲೆ?

ಬೈಕ್ ವಾಲುವುದು ಮುಖ್ಯವಾಗಿ ಹ್ಯಾಂಡಲ್‌ನಿಂದ: ಬಲಕ್ಕೆ ಹೋಗಲು ಬಲ ಹಿಡಿಯನ್ನು ಮುಂದಕ್ಕೆ ಒತ್ತಬೇಕು. ಪೆಗ್ ಒತ್ತಿಯೇ ತಿರುಗಿಸಬಹುದು ಎಂಬ ವಾದ ಇಲ್ಲಿ ಬೇಡ, ಅದರ ಪರಿಣಾಮ ತೀರಾ ಸಣ್ಣದು.

ಸದ್ಯದ ಕ್ರಮ: ಬ್ರೇಕ್ ಹಿಡಿಯುವ ಮೊದಲೇ ಅರ್ಧ ಸೀಟಿನಷ್ಟು ಒಳಬದಿಗೆ ಜರುಗುವುದು, ಪೆಗ್ ಮೇಲೆ ಹಿಮ್ಮಡಿ ಅಥವಾ ಪಾದದ ನಡುಭಾಗವಲ್ಲ, ಬೆರಳ ಬುಡ. ಹೊರಗಿನ ಮೊಣಕಾಲು ಟ್ಯಾಂಕಿಗೆ, ತಲೆ ಒಳಗಿನ ಕನ್ನಡಿಯ ಕಡೆಗೆ. ಮೈಭಾರ ಒಳಕ್ಕೆ ಬಂದಷ್ಟೂ ಅದೇ ವೇಗದಲ್ಲಿ ಬೈಕ್ ಕಡಿಮೆ ವಾಲಿದರೆ ಸಾಕು, ಪೆಗ್ ನೆಲಕ್ಕೆ ಉಜ್ಜುವುದೂ ತಡವಾಗುತ್ತದೆ.

ತೊಡಕು ಇಲ್ಲಿದೆ. ಒಳಪೆಗ್ ಮೇಲೆ ಪೂರ್ತಿ ಭಾರ ಹಾಕಿದರೆ ಹೊರಗಿನ ಮೊಣಕಾಲು ಟ್ಯಾಂಕ್ ಬಿಡುತ್ತದೆ. ಆಗ ಮೈ ಹ್ಯಾಂಡಲಿಗೆ ಜೋತುಬಿದ್ದು ತೋಳು ಬಿಗಿಯುತ್ತದೆ, ಬೈಕ್ ತಿರುವಿನಲ್ಲಿ ಹಿಡಿದ ದಾರಿ ಬಿಟ್ಟು ಹೊರಕ್ಕೆ ಹೋಗುತ್ತದೆ. ಹೊರಪೆಗ್ ಒತ್ತಿದರೆ ಹಿಡಿತ ಬರುತ್ತದೆ, ಆದರೆ ಸೊಂಟ ಸೀಟಿನ ನಡುವಿಗೆ ವಾಪಸ್!

ತಿಳಿದವರು ಹೇಳಿ: ಹೊರಗಿನ ಹಿಮ್ಮಡಿ ಎತ್ತಿ ತೊಡೆಯನ್ನು ಟ್ಯಾಂಕಿಗೆ ಲಾಕ್ ಮಾಡಬೇಕೋ, ಪೆಗ್ಗನ್ನೇ ಕೆಳಕ್ಕೆ ತುಳಿಯಬೇಕೋ? ಎಡ-ಬಲ ಬೆನ್ನುಬೆನ್ನಿಗೆ ಬರುವ ತಿರುವುಗಳಲ್ಲಿ ಭಾರ ಬದಲಿಸುವುದು ಬೈಕ್ ನೆಟ್ಟಗಾಗುವ ಮೊದಲೋ, ಆಮೇಲೋ? ಜಲ್ಲಿ ರಸ್ತೆಯ ವಿಧಾನ ಬೇಡ. ಅಲ್ಲಿ ಮೈ ನೆಟ್ಟಗೆ, ಭಾರ ಹೊರಪೆಗ್ ಮೇಲೆ ಎಂಬುದು ಗೊತ್ತು. ಟೈರ್ ಗಾಳಿ ಕೈಪಿಡಿಯ ಪ್ರಕಾರವೇ ಇದೆ.